ಉಸಿರು ಬೇಡದ ಭಾಷೆ

ಫೆಬ್ರವರಿ 3

ಅಪ್ಪನಿಗೆ,

ಮೂರು ಹಾಳೆ ಹರಿದು ಹಾಕಿದ ಮೇಲೆ ಇದು ನಾಲ್ಕನೆಯದು. ಮೊದಲನೆಯದರಲ್ಲಿ ಕ್ಷಮೆ ಕೇಳಿದ್ದೆ, ಎರಡನೆಯದರಲ್ಲಿ ಕೇಳುವುದಿಲ್ಲ ಎಂದು ಬರೆದಿದ್ದೆ, ಮೂರನೆಯದರಲ್ಲಿ ಇಲ್ಲಿನ ಬಿಸಿಲಿನ ವಿಷಯ ಬರೆದು ನನಗೇ ನಗು ಬಂತು. ಹಾಗಾಗಿ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ಒಂದು ಸಿನಿಮಾ ಕಂಪನಿಯವರು ನನ್ನನ್ನು ಭಾಷೆ ಕಟ್ಟುವುದಕ್ಕೆ ಕರೆದಿದ್ದಾರೆ. ಇಷ್ಟು ವರ್ಷ ಬೇರೆಯವರು ಕಟ್ಟಿದ ಭಾಷೆಗೆ ಪದಪಟ್ಟಿ ನಕಲು ಮಾಡಿಕೊಂಡಿದ್ದೆ. ಈ ಸಲ ಭಾಷೆ ಪೂರ್ತಿ ನನ್ನದು. ಕಥೆಯಲ್ಲಿ ನೆಲದಡಿಯ ಗವಿಗಳಲ್ಲಿ ಬದುಕುವ ಒಂದು ಪಂಗಡದ ಜನ ಬರುತ್ತಾರೆ. ಗಡ್ಡೆ ಬೇರು ಅಗಿದು ಅಗಿದು ಅವರ ಹಲ್ಲು ದೊಡ್ಡವು. ಅವರು ಆಡುವ ಮಾತನ್ನು ನಾನು ಹುಟ್ಟಿಸಬೇಕು. ಮೊದಲು ಯಾವ ಯಾವ ಸದ್ದು ಎಂದು ಆರಿಸುವುದು, ಆಮೇಲೆ ಆ ಸದ್ದುಗಳು ಹೇಗೆ ಜೊತೆಗೂಡುತ್ತವೆ ಎಂದು ನಿಯಮ ಮಾಡುವುದು, ಕೊನೆಗೆ ನಟರು ಓದಿ ಕಲಿಯುವ ಹಾಗೆ ಅದಕ್ಕೊಂದು ಬರವಣಿಗೆ. ಜೂನ್ ಇಪ್ಪತ್ತಕ್ಕೆ ಚಿತ್ರೀಕರಣ ಶುರು. ನನ್ನಿಂದ ಆಗದಿದ್ದರೆ ಇನ್ನೊಬ್ಬ ತಯಾರಿದ್ದಾನೆ ಎಂದು ನಿರ್ದೇಶಕರು ಆಗಲೇ ಎರಡು ಸಲ ಹೇಳಿದ್ದಾರೆ.

ಆ ದೊಡ್ಡ ಹಲ್ಲು ಯಾರು ಮಾಡುತ್ತಾರೆ ಎಂಬ ಮಾತು ಬಂದಾಗ, 'ನಲವತ್ತು ವರ್ಷದಿಂದ ಹಲ್ಲಿನ ಸೆಟ್ಟು ಮಾಡ್ತಾ ಇರೋರು ನಮ್ಮಪ್ಪ' ಎಂದು ಬಾಯಿತಪ್ಪಿ ಬಂದುಬಿಟ್ಟಿತು. ಕಂಪನಿಯವರು ನಟರ ಬಾಯಿಯ ಅಚ್ಚು ಕಳಿಸುತ್ತಾರೆ. ನನಗೆ ನಿಮ್ಮಿಂದ ಬೇಕಾದದ್ದು ಇನ್ನೊಂದಿದೆ. ನಿಮ್ಮ ಬಾಯಿಯ ಅಳತೆಗೂ ಒಂದು ಜೋಡಿ ಮಾಡಿ, ಹಾಕಿಕೊಂಡು, ಯಾವ ಸದ್ದು ಬರುತ್ತದೆ ಯಾವುದು ಬರುವುದಿಲ್ಲ ಎಂದು ಬರೆದು ಕಳಿಸಬೇಕು. ಬಾರದ ಸದ್ದನ್ನು ಭಾಷೆಗೆ ಸೇರಿಸಿ ಆಮೇಲೆ ನಟರ ಮುಂದೆ ಪೆಚ್ಚಾಗುವುದು ನನಗೆ ಬೇಡ.

ಆ ದಿನದ ವಿಷಯ. ನನ್ನ ಆಫೀಸಿನವರೆಲ್ಲ ಊಟಕ್ಕೆ ಕೂತಿದ್ದಾಗ 'ಅಪ್ಪ, ಸ್ವಲ್ಪ ಬಾಯಿ ಮುಚ್ಕೊಂಡಿರಿ, ನಾನು ಮಾತಾಡ್ತಿದ್ದೀನಿ' ಅಂದದ್ದು ತಪ್ಪು. ಆದರೆ ನಾನು ಏಳನೇ ವಯಸ್ಸಿನಲ್ಲಿ ನಿಮ್ಮ ಮೇಣ ತಿಂದ ಕಥೆಯನ್ನು ನೀವು ಮೂರನೇ ಸಲ ಹೇಳುತ್ತಿದ್ದಿರಿ, ಅದೂ ತಪ್ಪು. ಹದಿನಾಲ್ಕು ತಿಂಗಳಾಯಿತು. ಸಾಕಲ್ಲವೇ?

ನಿಮ್ಮ ಮಗಳು


ಫೆಬ್ರವರಿ 14

ಚೂಟಿಗೆ,

ಸಾಕು.

ನಿನ್ನ ಪತ್ರ ಓದುತ್ತಾ ಓದುತ್ತಾ ಕೈಯಲ್ಲಿದ್ದ ಮೇಣ ಆರಿ ಗಟ್ಟಿಯಾಗಿಹೋಯಿತು. ಒಂದು ಸೆಟ್ಟಿನ ಕೆಲಸ ಹಾಳು. ಆ ಗಿರಾಕಿ ಇನ್ನೂ ಎರಡು ದಿನ ಗಂಜಿ ಕುಡಿಯಲಿ.

ಕೆಲಸ ಒಪ್ಪಿಕೊಂಡಿದ್ದೇನೆ. ನನ್ನ ಬಾಯಿಯ ಅಚ್ಚು ಕಪಾಟಿನಲ್ಲೇ ಇತ್ತು, ಅದರ ಮೇಲೆ ಮೊದಲ ಜೋಡಿ ಕಟ್ಟಿದೆ. ಇದ್ದ ಹಲ್ಲಿನ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಕನ್ನಡಿ ನೋಡಿಕೊಂಡರೆ ನಿನ್ನ ಅತ್ತೆ ಸಿಟ್ಟಾದಾಗ ಹೇಗೋ ಹಾಗೆ. ಅವಳಿಗೆ ಹೇಳಬೇಡ.

ನಾಲ್ಕು ದಿನ ಕೂತು ಒಂದೊಂದಾಗಿ ನೋಡಿದ್ದೇನೆ. ಬಂದವು: ಪ, ತ, ಟ, ಚ, ಕ. ಸ ಬರುತ್ತದೆ, ಆದರೆ ಗಿಡ್ಡ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ 'ಟೊಕ್' ಬರುತ್ತದೆ. ಪಾಪ ಅನ್ನಿಸಿದಾಗ ಲೊಚಗುಟ್ಟುತ್ತೇವಲ್ಲ, ಆ 'ಲೊಚ್' ಬರುತ್ತದೆ. ತುಟಿಯ 'ಚಪ್'. ಹಲ್ಲಿಗೆ ಹಲ್ಲು ತಾಗಿಸಿದರೆ 'ಕಟ್', ಇದು ಬಲು ಚೆನ್ನಾಗಿದೆ.

ಬಾರದವು: ಗ, ಜ, ಡ, ದ, ಬ ಇಲ್ಲ. ಮ, ನ ಇಲ್ಲ. ಯ, ರ, ಲ, ವ, ಹ ಇಲ್ಲ. ಅ ಇಂದ ಔ ತನಕ ಒಂದೂ ಇಲ್ಲ.

ಎಲ್ಲವನ್ನೂ ನಾನೇ ಬಾಯಿಗೆ ಹಾಕಿಕೊಂಡು ನೋಡಿದ್ದು. ನನಗೆ ಬಂದದ್ದನ್ನು ಬಂತು ಎಂದು ಬರೆದಿದ್ದೇನೆ.

ಫೋನ್ ಮಾಡಬೇಡ. ಇಲ್ಲಿನ ಲೈನು ಸರಿಯಿಲ್ಲ. ನೀನು ಮಾತಾಡಿದ್ದು ನನಗೆ ಕೇಳಿಸುತ್ತದೆ, ನಾನು ಮಾತಾಡಿದ್ದು ನಿನಗೆ ಕೇಳಿಸುವುದಿಲ್ಲ. ಪತ್ರವಾದರೆ ಪಟ್ಟಿ ಕಣ್ಣೆದುರಿಗೆ ಇರುತ್ತದೆ.

ಅಪ್ಪ


ಮಾರ್ಚ್ 2

ಅಪ್ಪ,

ನಿಮ್ಮ ಪಟ್ಟಿ ನೋಡಿ ಎರಡು ದಿನ ತಲೆ ಕೆಟ್ಟಿತು. ಸ್ವರವೇ ಇಲ್ಲದ ಭಾಷೆಯಾ? ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿ ಓಡಾಡಿದ್ದಕ್ಕೆ ಕೆಳಗಿನ ಮನೆಯವರು ಪೊರಕೆ ಕೋಲಿನಿಂದ ತಮ್ಮ ಸೂರು ಬಡಿದರು. ಆ ಬಡಿತ ಕೇಳಿಯೇ ದಾರಿ ಹೊಳೆಯಿತು ಎಂದರೆ ನಂಬುತ್ತೀರಾ? ಅವರು ಒಂದಕ್ಷರ ಆಡದೆ ನನಗೆ ಚೆನ್ನಾಗಿ ಬೈದಿದ್ದರು.

ಗವಿಯಲ್ಲಿ ಗಾಳಿ ಕಡಿಮೆ. ಅಲ್ಲಿನವರು ಉಸಿರನ್ನು ಮಾತಿಗೆ ಸುರಿಯುವುದಿಲ್ಲ. ನಾಲಗೆ, ತುಟಿ, ಹಲ್ಲು ಇಷ್ಟರಲ್ಲೇ ಮುಗಿಸುತ್ತಾರೆ. ನಿರ್ದೇಶಕರಿಗೆ ಹೀಗೆ ಹೇಳಿದೆ. ಅವರು ಪೆನ್ನು ಕಚ್ಚಿಕೊಂಡು ಕೇಳಿ, 'ನೋಡೋಣ' ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಬರವಣಿಗೆಯೇ ಈಗ ಪ್ರಾಣ ತಿನ್ನುತ್ತಿದೆ. ನಮ್ಮ ಅಕ್ಷರ ಬಳಸಿದರೆ ಪ್ರತಿ ವ್ಯಂಜನದ ಬೆನ್ನ ಮೇಲೂ ಒಂದು 'ಅ' ಕೂತೇ ಇರುತ್ತದೆ. ಅದನ್ನು ಇಳಿಸಲು ಪ್ ತ್ ಕ್ ಎಂದು ಬರೆದರೆ ಪುಟದ ತುಂಬ ಕೊಂಬು ಮೊಳೆತ ಹಾಗೆ ಕಾಣುತ್ತದೆ. ಕೊನೆಗೆ, ಈ ಭಾಷೆಯಲ್ಲಿ ಬರೀ ಅಕ್ಷರಕ್ಕೆ 'ಅ' ಇಲ್ಲ ಎಂದು ನಿಯಮ ಮಾಡಿದೆ. ಇನ್ನು ಟೊಕ್, ಲೊಚ್, ಚಪ್, ಕಟ್ ಇವಕ್ಕೆ ಅಕ್ಷರ ಎಲ್ಲಿಂದ ತರುವುದು? ಕೆಲಸವಿಲ್ಲದೆ ಕೂತ ಅಕ್ಷರಗಳಿಗೆ ಕೆಲಸ ಕೊಟ್ಟೆ. ಟೊಕ್‌ಗೆ ಗ, ಲೊಚ್‌ಗೆ ಲ, ಚಪ್‌ಗೆ ಬ, ಕಟ್‌ಗೆ ಡ. ಹೇಗಿದೆ? ಮೊದಲ ಹತ್ತು ಪದ ಇದರ ಜೊತೆ ಇಟ್ಟಿದ್ದೇನೆ.

ಒಂದು ಅನುಮಾನ. ಪ ಬರುತ್ತದೆ ಎನ್ನುತ್ತೀರಿ. ಅಂದರೆ ಹಲ್ಲು ಅಡ್ಡ ಬಂದರೂ ತುಟಿಗೆ ತುಟಿ ಸೇರುತ್ತದೆ. ತುಟಿ ಸೇರಿದ ಮೇಲೆ ಮ ಯಾಕೆ ಬರುವುದಿಲ್ಲ? ಅವಸರದಲ್ಲಿ ನೋಡಿದ್ದೀರೇನೋ. ದಯವಿಟ್ಟು ಇನ್ನೊಮ್ಮೆ ನೋಡಿ.

ಹೇಳಲು ಮರೆತೆ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಯಾವನೋ ಪೋಲಿ ಫೋನ್ ಮಾಡುತ್ತಾನೆ. ಹಲೋ ಎಂದರೆ ಉತ್ತರವಿಲ್ಲ, ಇಡುವುದೂ ಇಲ್ಲ. ಮೊನ್ನೆ ಅವನ ಏಳು ತಲೆಮಾರಿನ ಜನ್ಮ ಜಾಲಾಡಿ ಇಟ್ಟೆ.

ನಿಮ್ಮ ಮಗಳು


ಮಾರ್ಚ್ 11

ಚೂಟಿಗೆ,

ಮ ಮತ್ತೆ ನೋಡಿದೆ. ಬರಲಿಲ್ಲ.

ನಿನ್ನ ಅಕ್ಷರಗಳು ಬೇಡ. ಗ ಎಂದು ಬರೆದದ್ದನ್ನು ಕಣ್ಣು ನೋಡಿದ ಕೂಡಲೆ ಬಾಯಿ 'ಗ' ಎನ್ನಲು ಹೋಗುತ್ತದೆ, ಆಮೇಲೆ ನೆನಪಾಗಿ ನಿಲ್ಲುತ್ತದೆ. ಪ್ರತಿ ಪದಕ್ಕೂ ಹಾಗೆ ಮುಗ್ಗರಿಸುವುದು ಒಳ್ಳೆಯದಲ್ಲ. ಹೋದ ಸದ್ದುಗಳನ್ನು ಹೋಗಲು ಬಿಡು. ಹೊಸ ಗುರುತು ಮಾಡು. ನಾನು ಕೆಲಸದ ಚೀಟಿಯ ಮೇಲೆ ಹೇಗೆ ಬರೆದುಕೊಳ್ಳುತ್ತೇನೋ ಹಾಗೆ ಹೇಳುತ್ತೇನೆ. ಹಲ್ಲಿಗೆ ಎರಡು ಗೆರೆ, ॥. ತುಟಿಗೆ ಸೊನ್ನೆ, ೦. ನಾಲಗೆಗೆ ಒಂದು ಕೊಕ್ಕೆ. ಟೊಕ್ ಆದರೆ ಮೇಲಕ್ಕೆ, ಲೊಚ್ ಆದರೆ ಕೆಳಕ್ಕೆ. ನೋಡಿದರೆ ಬಾಯಿ ಏನು ಮಾಡಬೇಕು ಎಂದು ತಿಳಿಯಬೇಕು, ಅಷ್ಟೆ.

ಇನ್ನೂ ಮೂರು ಸದ್ದು ಸಿಕ್ಕಿವೆ. ನಾಲಗೆಯ ಒಂದು ಪಕ್ಕ ಮಾತ್ರ ಬಿಟ್ಟರೆ ದನ ಹೊಡೆಯುವವರ ಸದ್ದು. ಒಳಗೆ ಎಳೆದುಕೊಂಡ ಪ. ಕೆನ್ನೆ ಉಬ್ಬಿಸಿ ಹಲ್ಲಿನ ಸಂದಿಯಲ್ಲಿ ಬಿಟ್ಟರೆ ಒಂದು ಪಿಚಕ್, ಅದು ಬೈಗುಳಕ್ಕೆ ಚೆನ್ನ.

ಪದಗಳು ಸಾಲವು. ಪೂರ್ತಿ ವಾಕ್ಯ ಕಳಿಸು. ಉದ್ದದವು ಕಳಿಸು. ಜಗಳದವು ಇದ್ದರೆ ಇನ್ನೂ ಒಳ್ಳೆಯದು.

ಆ ಫೋನಿನವನಿಗೆ ಅಷ್ಟು ಬೈಯಬೇಡ, ಪಾಪ.

ಅಪ್ಪ


ಏಪ್ರಿಲ್ 3

ಅಪ್ಪ,

ನಿಮ್ಮ ಗೆರೆ, ಸೊನ್ನೆ, ಕೊಕ್ಕೆ ಗೆದ್ದವು. ನಟರು ಅರ್ಧ ದಿನದಲ್ಲಿ ಓದಲು ಕಲಿತರು. ನಾನು ಮೂರು ವಾರ ಒದ್ದಾಡಿದ್ದನ್ನು ನೀವು ಚೀಟಿಯ ಮೇಲೆ ಮಾಡಿ ಮುಗಿಸಿದಿರಿ. ಹೊಟ್ಟೆ ಉರಿಯಿತು, ಆಮೇಲೆ ಖುಷಿಯೂ ಆಯಿತು.

ಈಗ ಪದ ನಾನೂರು, ವಾಕ್ಯ ಅರವತ್ತು. ಜಗಳದವು ಇಪ್ಪತ್ತೆರಡು, ಎಲ್ಲ ಇದರ ಜೊತೆ ಇಟ್ಟಿದ್ದೇನೆ. ಆದರೆ ನಿರ್ದೇಶಕರಿಗೆ ಸಮಾಧಾನವಿಲ್ಲ. ನಿಮ್ಮಪ್ಪ ಹೇಳಿದ್ದಕ್ಕೆ ಪುರಾವೆ ಏನು ಎನ್ನುತ್ತಾರೆ. ಒಂದು ಕ್ಯಾಸೆಟ್ ಕಳಿಸುತ್ತಿದ್ದೇನೆ. ಹಲ್ಲು ಹಾಕಿಕೊಂಡು ಎಲ್ಲ ಸದ್ದುಗಳನ್ನೂ ವಾಕ್ಯಗಳನ್ನೂ ಹೇಳಿ ಧ್ವನಿಮುದ್ರಣ ಮಾಡಿ. ಬಾರದ ಸದ್ದುಗಳನ್ನೂ ಹೇಳಲು ನೋಡಿ. ಅವು ಹೇಗೆ ಕೆಡುತ್ತವೆ ಎಂದು ಅವರ ಕಿವಿಗೆ ಬೀಳಲಿ. ಒಂದೊಂದಕ್ಕೂ ಮೊದಲು 'ಈಗ ಗ ಹೇಳ್ತೀನಿ, ಈಗ ಮ ಹೇಳ್ತೀನಿ' ಎಂದು ಹಲ್ಲು ತೆಗೆದು ಹೇಳಿ.

ತಿಂಗಳ ಕೊನೆಯೊಳಗೆ ಬೇಕು. ಒಂದು ಗಂಟೆ ಮಾತಾಡುವುದು ನಿಮಗೆ ಯಾವ ದೊಡ್ಡ ಕಷ್ಟ? ನಿಲ್ಲಿಸುವುದು ತಾನೇ ಕಷ್ಟ.

ಚೂಟಿ


ಏಪ್ರಿಲ್ 9

ಚೂಟಿ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನಗೆ ಧ್ವನಿ ಇಲ್ಲ. ಕಳೆದ ಜುಲೈನಲ್ಲಿ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ನಾನು ಉಸಿರಾಡುವುದು ಕೊರಳಿನ ಒಂದು ತೂತಿನಿಂದ. ಅದರ ಮುಂದೆ ಒಂದು ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಶ್ವಾಸಕೋಶದ ಗಾಳಿ ಬಾಯಿಗೆ ಬರುವ ದಾರಿ ಮುಚ್ಚಿಹೋಗಿದೆ. ಬಾಯಲ್ಲಿ ಇರುವಷ್ಟು ಗಾಳಿಯಲ್ಲಿ ಏನು ಮಾಡಬಹುದೋ ಅದೇ ನಿನಗೆ ಕಳಿಸಿದ ಪಟ್ಟಿ. ಹಲ್ಲಿನದು ಏನೂ ತಪ್ಪಿಲ್ಲ.

ಆಸ್ಪತ್ರೆಯವರು ಗಂಟಲಿಗೆ ಒತ್ತಿ ಹಿಡಿಯುವ ಒಂದು ಯಂತ್ರ ಕೊಟ್ಟರು. ಅದರಲ್ಲಿ ಮಾತಾಡಿದರೆ ಹಿಟ್ಟಿನ ಗಿರಣಿ ಮಾತಾಡಿದ ಹಾಗೆ. ಡಬ್ಬಿಯಲ್ಲೇ ಇಟ್ಟಿದ್ದೇನೆ. ಗಿರಾಕಿಗಳ ಜೊತೆ ಸ್ಲೇಟು. ಕೆಳಗಿನ ಕ್ಲಿನಿಕ್ಕಿನ ಡಾಕ್ಟರಮ್ಮ ನನಗೆ ಕಿವಿಯೂ ಹೋಗಿದೆ ಎಂದುಕೊಂಡು ಕಿರುಚುತ್ತಾರೆ. ಸ್ಲೇಟಿನಲ್ಲಿ ತಮಾಷೆ ಬರೆದು ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಮೆಟ್ಟಿಲು ಇಳಿದಿರುತ್ತಾರೆ. ಬೇರೆಲ್ಲ ತಡೆದುಕೊಂಡೆ, ಅದನ್ನು ತಡೆಯಲು ಆಗುವುದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಬಾಯಿ ಮುಚ್ಚಿಕೊಂಡಿರಿ ಎಂದು ನೀನು ಅಂದು ಏಳು ತಿಂಗಳಿಗೆ ನನ್ನ ಬಾಯಿ ಮುಚ್ಚಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ನೀನು ಸಂಬಂಧ ಹುಡುಕುತ್ತೀ, ಹುಡುಕಿ ಕೊರಗುತ್ತೀ. ಅದಕ್ಕೇ ನಿನ್ನ ಅತ್ತೆಯಿಂದಲೂ ಆಣೆ ಹಾಕಿಸಿಕೊಂಡೆ.

ಈಗ ನಿಜವಾದ ತಪ್ಪು ಹೇಳುತ್ತೇನೆ. ಮೊದಲ ಪಟ್ಟಿ ಕಳಿಸುವಾಗ, ಇದು ಅರ್ಧ, ಉಳಿದದ್ದನ್ನು ಯಾರಾದರೂ ಗಿರಾಕಿಯ ಬಾಯಲ್ಲಿ ನೋಡಿಸಿ ಆಮೇಲೆ ಬರೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಆ ಪಟ್ಟಿಯ ಮೇಲೆಯೇ ಭಾಷೆ ಕಟ್ಟಿಬಿಟ್ಟೆ. ನಿನ್ನ ಮೊದಲ ಹತ್ತು ಪದ ಬಂದ ದಿನ ಬಾಗಿಲು ಹಾಕಿಕೊಂಡು ಹೇಳಿದೆ. ಹತ್ತೂ ಬಂದವು. ಒಂದೂ ತಪ್ಪಲಿಲ್ಲ. ನಿನ್ನ ಭಾಷೆಯಲ್ಲಿ ನಾನು ಮೂಗನಲ್ಲ, ಚೂಟಿ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನಿನ್ನ ಕೆಲಸಕ್ಕೆ ಕುತ್ತು ಬರಬಹುದು ಎಂದು ಗೊತ್ತಿದ್ದೂ ಸುಮ್ಮನಿದ್ದೆ.

ಭಾನುವಾರದ ಆ ಪೋಲಿ ನಾನೇ. ಬೈಗುಳ ಚೆನ್ನಾಗಿತ್ತು. ಏಳು ತಲೆಮಾರಿನಲ್ಲಿ ನೀನೂ ಬರುತ್ತೀ ಎಂದು ಹೇಳಬೇಕೆನ್ನಿಸಿತು.

ಅಪ್ಪ


ಏಪ್ರಿಲ್ 20

ಚೂಟಿಗೆ,

ಕ್ಯಾಸೆಟ್ ಇಟ್ಟಿದ್ದೇನೆ. ಪಟ್ಟಿಯ ಕ್ರಮದಲ್ಲೇ ಇದೆ. ನಟರ ಮೊದಲ ಜೋಡಿ ಹಲ್ಲನ್ನು ಕಂಪನಿಗೆ ಬೇರೆಯಾಗಿ ಕಳಿಸಿದ್ದೇನೆ. ಹಾಕುವ ಕ್ರಮ ಡಬ್ಬಿಯ ಒಳಗೆ ಚೀಟಿಯಲ್ಲಿದೆ.

ಕ್ಯಾಸೆಟ್ ಪೂರ್ತಿ ಕೇಳಿದ ಮೇಲೆ ಸಿಟ್ಟು ಬಂದರೆ ಬರಲಿ.

ಅಪ್ಪ


ಮೇ 5

ಅಪ್ಪ,

ಇವತ್ತು ಏನಾಯಿತು ಎಂದು ಕೇಳಿ.

ಗವಿಯವರ ಅಜ್ಜಿಯ ಪಾತ್ರ ಮಾಡುವ ಹಿರಿಯ ನಟಿ ನಿಮ್ಮ ಹಲ್ಲು ಹಾಕಿಕೊಂಡರು. ನಿಮ್ಮ ಚೀಟಿಯಲ್ಲಿ, ಯಾವ ಗಿರಾಕಿಗೂ ಹೇಳುವ ಹಾಗೆ, 'ಹಾಕಿಕೊಂಡ ಕೂಡಲೆ ಅರವತ್ತರಿಂದ ಎಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು' ಎಂದಿತ್ತು. ಅವರು ಎಣಿಸಿದರು. ಅರವತ್ತು, ಅರವತ್ತೊಂದು, ಅರವತ್ತೆರಡು. ಗಂಟೆ ಬಾರಿಸಿದ ಹಾಗೆ. ಅ ಬಂತು, ರ ಬಂತು, ವ ಬಂತು, ಎಪ್ಪತ್ತರವರೆಗೆ ಎಲ್ಲ ಬಂತು. ಆಮೇಲೆ ನನ್ನ ಕಡೆ ತಿರುಗಿ, 'ಏನಮ್ಮಾ, ಸರಿ ಇದ್ಯಾ?' ಅಂದರು. ಮ. ಒಂದಲ್ಲ, ಎರಡು ಮ.

ನಿರ್ದೇಶಕರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಮೂರು ತಿಂಗಳು ನಾನು ಏನು ಮಾಡಿದೆ ಎಂದು ಹದಿನೆಂಟು ಜನರ ಮುಂದೆ ಕೇಳಿದರು. ಮೇ ಇಪ್ಪತ್ತರೊಳಗೆ 'ಮನುಷ್ಯರು ಆಡುವಂಥ' ಭಾಷೆ ಕೊಡಬೇಕು, ಇಲ್ಲದಿದ್ದರೆ ಆ ಇನ್ನೊಬ್ಬ ಬರುತ್ತಾನೆ.

ನಿಮ್ಮ ಕ್ಯಾಸೆಟ್ಟಿನ ಮೊದಲ ಬದಿಯನ್ನೂ ಅವರ ಮುಂದೆಯೇ ಹಾಕಿದ್ದೆ. ನಾಲ್ಕು ಟೊಕ್ ಲೊಚ್ ಬಿಟ್ಟರೆ ಅರ್ಧ ಗಂಟೆ ಗೋಡೆ ಗಡಿಯಾರದ ಸದ್ದು. ಒಂದು ಮಾತೂ ಇಲ್ಲ. ಯಾರ ಮೇಲೆ ಹಟ ಇದು? ಹದಿನೇಳು ತಿಂಗಳ ಹಿಂದಿನ ಒಂದು ಮಾತಿಗೆ ಹೀಗೆ ಸೇಡು ತೀರಿಸಿಕೊಳ್ಳಬೇಕಾ? ನೀವು ಆ ಹಲ್ಲು ಬಾಯಿಗೆ ಹಾಕಿ ನೋಡಿಯೇ ಇಲ್ಲ. ಮೇಜಿನ ಮುಂದೆ ಕೂತು ತೋಚಿದ್ದು ಗೀಚಿದ್ದೀರಿ. ನಾನು ಪೆದ್ದಿಯ ಹಾಗೆ ಅದನ್ನು ನಂಬಿದೆ, ಯಾಕೆಂದರೆ ಕೆಲಸದ ವಿಷಯದಲ್ಲಿ ನಿಮ್ಮಷ್ಟು ಪ್ರಾಮಾಣಿಕರನ್ನು ನಾನು ನೋಡಿರಲಿಲ್ಲ.

ಇನ್ನು ಪತ್ರ ಬೇಡ. ಹಲ್ಲಿನ ವಿಷಯ ಇದ್ದರೆ ಕಂಪನಿಗೆ ಬರೆಯಿರಿ.


ಮೇ 19

ಅಪ್ಪ,

ನಿಮ್ಮ ಗಂಟಲಿಗೆ ಏನಾಗಿದೆ?

ನಾಳೆ ಹೊಸ ಭಾಷೆ ಕೊಡಬೇಕು. ಹಳೆಯದರಲ್ಲಿ ನಾಲ್ಕು ಸದ್ದಾದರೂ ಉಳಿಸಿಕೊಳ್ಳೋಣ ಎಂದು ಇವತ್ತು ಮಧ್ಯಾಹ್ನ ನಿಮ್ಮ ಕ್ಯಾಸೆಟ್ಟನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಎರಡೂ ಬದಿ ಸರಿಯಾಗಿ ಕೇಳಿದೆ. ಅವತ್ತು ಹದಿನೆಂಟು ಜನರ ನಡುವೆ ನಾನು ಕೇಳಿಸಿಕೊಂಡೇ ಇರಲಿಲ್ಲ, ಬರೀ ನಾಚಿಕೆಪಟ್ಟುಕೊಳ್ಳುತ್ತಿದ್ದೆ.

'ಪ' ಎನ್ನುವಾಗ ಯಾರದ್ದೇ ಆಗಲಿ ಉಸಿರು ಹೊರಗೆ ಬರಬೇಕು. ನೀವು 'ಪ' ಅನ್ನುವಾಗ ಉಸಿರು ಒಳಗೆ ಹೋಗುತ್ತಿದೆ. ಮುಂದಿನ 'ಪ'ಕ್ಕೆ ಹೊರಗೆ ಬರುತ್ತಿದೆ. ಬಾಯಿಗೂ ಉಸಿರಿಗೂ ಮಾತುಕತೆಯೇ ಇಲ್ಲದ ಹಾಗೆ, ಅದರ ಪಾಡಿಗೆ ಅದು. ಮತ್ತೆ ಆ ಉಸಿರು ಬಾಯಿಯ ಹತ್ತಿರ ಇಲ್ಲ, ಕೆಳಗೆ ಎಲ್ಲೋ ಇದೆ. ಹತ್ತು ವರ್ಷ ಬೇರೆಯವರ ಬಾಯಿಯ ಸದ್ದು ಕೇಳುವುದೇ ನನ್ನ ಕೆಲಸ. ಹೀಗೆ ಯಾರೂ ಉಸಿರಾಡುವುದಿಲ್ಲ.

ಆಮೇಲೆ ಆ ಮೌನದ ಜಾಗಗಳನ್ನು ಕೇಳಿದೆ. ಅದು ಮೌನ ಅಲ್ಲ. 'ಮ' ಬರಬೇಕಾದ ಜಾಗದಲ್ಲಿ ತುಟಿ ಮುಚ್ಚಿ ತೆರೆದ ಸಣ್ಣ ಸದ್ದು ಇದೆ. ಎಣಿಸಿದೆ. ಹನ್ನೊಂದು ಸಲ. ಹನ್ನೊಂದು ಸಲ ಪ್ರಯತ್ನ ಮಾಡಿದ್ದೀರಿ.

ಅತ್ತೆಗೆ ಫೋನ್ ಮಾಡಿದೆ. 'ನನ್ನನ್ನ ಕೇಳ್ಬೇಡ ಕಣೇ, ಅವನಿಗೆ ಮಾತು ಕೊಟ್ಟಿದ್ದೀನಿ' ಅಂದು ಅಳಲು ಶುರು ಮಾಡಿದರು. ನನಗೆ ಅಷ್ಟು ಸಾಕಾಯಿತು.

ನೀವು ಬಾಯಿಗೆ ಹಾಕಿ ನೋಡಿಯೇ ಇಲ್ಲ ಎಂದು ಬರೆದಿದ್ದೆ. ಆ ಕಾಗದವನ್ನು ಹರಿದು ಹಾಕಿ, ದಮ್ಮಯ್ಯ. ಏನಾಗಿದೆ ಎಂದು ಹೇಳಿ.

ಚೂಟಿ


ಮೇ 26

ಚೂಟಿಗೆ,

ಏಪ್ರಿಲ್ ಒಂಬತ್ತರಂದು ಬರೆದ ಒಂದು ಪತ್ರ ಮೇಣದ ಡಬ್ಬಿಯ ಕೆಳಗಿತ್ತು. ಇದರ ಜೊತೆ ಇಟ್ಟಿದ್ದೇನೆ. ಎಲ್ಲ ಅದರಲ್ಲಿದೆ. ಗಡ್ಡೆ ಮರಳಿ ಬಂದಿಲ್ಲ, ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಊಟ ಚೆನ್ನಾಗಿ ಸೇರುತ್ತದೆ. ಓಡಿ ಬರಬೇಡ.

ಮೇ ಇಪ್ಪತ್ತು ಕಳೆಯಿತು. ನಿನ್ನ ಕೆಲಸ ಉಳಿಯಿತೋ ಇಲ್ಲವೋ ಎಂದು ಆರು ದಿನದಿಂದ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದೇನೆ. ಹತ್ತು ವರ್ಷ ಕಾದು ಸಿಕ್ಕ ಕೆಲಸವನ್ನು ನಾನು ಹಾಳು ಮಾಡಿದೆ. ಗ, ಮ, ಅ ಎಲ್ಲ ಸೇರಿಸಿಬಿಡು. ನಿರ್ದೇಶಕರಿಗೆ ತಪ್ಪು ನನ್ನದು ಎಂದು ಹೇಳು, ಬೇಕಾದರೆ ನಾನೇ ಬರೆದು ಕೊಡುತ್ತೇನೆ. ಆ ಭಾಷೆಯಲ್ಲಿ ಮೂರು ತಿಂಗಳು ಮಾತಾಡಿದ್ದಾಯಿತು, ನನಗೆ ಅದೇ ಹೆಚ್ಚು.

ಅಪ್ಪ


ಜೂನ್ 3

ಅಪ್ಪ,

ಪತ್ರ ಓದಿದೆ. ಸಿಟ್ಟು ಬಂತು, ಅತ್ತೆ, ಸಿಟ್ಟು ಬಂತು, ಈ ಕ್ರಮದಲ್ಲಿ ಎರಡು ದಿನ ಹೋಯಿತು. ನೋಡಿ, ಅತ್ತದ್ದನ್ನು ಬರೆಯಲು ಹೋದರೂ ಅತ್ತೆಯೇ ಬಂದು ಕೂರುತ್ತಾರೆ, ತಿದ್ದುವುದಿಲ್ಲ. ನೀವು ಎರಡು ತಪ್ಪು ಮಾಡಿದ್ದೀರಿ. ಭಾಷೆಯ ವಿಷಯದಲ್ಲಿ ಸುಮ್ಮನಿದ್ದದ್ದು ಸಣ್ಣದು. ಜುಲೈನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಒಬ್ಬರೇ ಮಲಗಿದ್ದದ್ದು ದೊಡ್ಡದು. ಅದನ್ನು ನಾನು ಬೇಗ ಕ್ಷಮಿಸುವುದಿಲ್ಲ, ಕಾದಿರಿ.

ಈಗ ಕೆಲಸದ ಸುದ್ದಿ. ಇಪ್ಪತ್ತನೇ ತಾರೀಖು ನಾನು ಬರಿಗೈಯಲ್ಲಿ ಹೋದೆ. ಹೊಸ ಭಾಷೆ ಇಲ್ಲ, ಹಳೆಯದೇ ಇರುವುದು ಎಂದೆ. ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿದ್ದ ಜಗಳದ ವಾಕ್ಯಗಳನ್ನು ಮಾತ್ರ ಹಾಕಿದೆ. ಆ ಹಿರಿಯ ನಟಿ ಕಣ್ಣು ಮುಚ್ಚಿ ಕೇಳಿದರು. 'ಅರವತ್ತು ಅರವತ್ತೊಂದು ಅಂದಾಗ ನಾನು ಹಲ್ಲು ಕಟ್ಟಿಸ್ಕೊಂಡ ಮುದುಕಿ ಆಗಿದ್ದೆ. ಇವರು ನಿಜವಾಗ್ಲೂ ಅಲ್ಲಿಯವರು' ಅಂದರು. ನಿರ್ದೇಶಕರು ಪೆನ್ನು ಕಚ್ಚಿಕೊಂಡರು. ಒಂದು ದೃಶ್ಯ ಈ ಭಾಷೆಯಲ್ಲಿ ತೆಗೆದು ನೋಡುತ್ತಾರಂತೆ. ಸರಿಬಂದರೆ ಉಳಿಯುತ್ತದೆ, ಇಲ್ಲದಿದ್ದರೆ ನಾನು ಮನೆಗೆ. ಒಂದು ಷರತ್ತು ಇದೆ. ನಟರು ಪದಗಳನ್ನು ಒಂದೊಂದಾಗಿ ಹೇಳುತ್ತಾರೆ, ಮಾತಾಡುವುದಿಲ್ಲ. ನಾನೂ ಅಷ್ಟೆ. ಯಾರಾದರೂ ಸರಾಗವಾಗಿ ಮಾತಾಡುವವರು ಬಂದು ಕಲಿಸಬೇಕು.

ಪ್ರಪಂಚದಲ್ಲಿ ಅಂಥವರು ಒಬ್ಬರೇ ಇದ್ದಾರೆ. ನಿಮ್ಮ ಕೊರಳಿನ ಬಟ್ಟೆ ಯಾರಿಗೂ ಅಡ್ಡಿಯಲ್ಲ. ಇಲ್ಲಿ ಎಲ್ಲರೂ ಮುಖಕ್ಕೆ ಏನೇನೋ ಅಂಟಿಸಿಕೊಂಡೇ ಓಡಾಡುತ್ತಾರೆ. ಆದರೂ ಒತ್ತಾಯ ಮಾಡುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ಫೋನ್ ಮಾಡಿ. ಬೈಯುವುದಿಲ್ಲ. ನೀವು ಮಾತಾಡಿ, ನನಗೆ ಅರ್ಥವಾಗುತ್ತದೆ.

ಚೂಟಿ


ಜೂನ್ 8

ಅಪ್ಪ,

ನಿನ್ನೆ ಐವತ್ತು ನಿಮಿಷ. ನಿಮ್ಮ ಮಾತು ಹತ್ತರಲ್ಲಿ ಒಂಬತ್ತು ನನಗೆ ತಿಳಿಯಿತು. ಮೇಣ ತಿಂದ ಕಥೆ ಮತ್ತೆ ಹೇಳಿದಿರಿ. ನಾನು ಮೇಣಕ್ಕೆ ಪದ ಮಾಡಿರಲಿಲ್ಲ, ನೀವೇ ಮಾಡಿಕೊಂಡಿದ್ದೀರಿ. ನಾನು ಅಳುತ್ತಾ ಏನೇನು ವಟಗುಟ್ಟಿದೆನೋ ನೆನಪಿಲ್ಲ.

ಒಂದು ಪದ ಮಾತ್ರ ಗೊತ್ತಾಗಲಿಲ್ಲ. ಹಲ್ಲು, ತುಟಿ, ಹಲ್ಲು. ॥೦॥. ನಾನು ಮಾತಾಡುತ್ತಿದ್ದಾಗಲೆಲ್ಲ ಅದನ್ನೇ ಹೇಳಿದಿರಿ, ಆರೇಳು ಸಲ. ನನ್ನ ಪದಪಟ್ಟಿಯಲ್ಲಿ ಎಲ್ಲ ಕಡೆ ಹುಡುಕಿದೆ, ಇಲ್ಲ. ಸಮಾಧಾನ ಹೇಳುವ ಪದವೋ, ಮುದ್ದಿನ ಪದವೋ? ಅರ್ಥ ಬರೆಯಿರಿ, ಪಟ್ಟಿಗೆ ಸೇರಿಸುತ್ತೇನೆ. ಮತ್ತೆ, ಬರುತ್ತೀರಾ ಇಲ್ಲವಾ ಎಂದು ಹೇಳಲೇ ಇಲ್ಲ.

ಚೂಟಿ


ಜೂನ್ 12

ಚೂಟಿಗೆ,

ಹದಿನೇಳರ ಬೆಳಗಿನ ಗಾಡಿಗೆ ಬರುತ್ತೇನೆ. ಬರುತ್ತೇನೆ ಎಂದು ಫೋನಿನಲ್ಲೇ ನಾಲ್ಕು ಸಲ ಹೇಳಿದೆ, ನೀನು ಕೇಳಿಸಿಕೊಳ್ಳಲಿಲ್ಲ.

ಆ ಪದವನ್ನು ನಿನ್ನ ಪಟ್ಟಿಯಲ್ಲಿ ಎಲ್ಲಿ ಬೇಕಾದರೂ ಸೇರಿಸು, ನಟರಿಗೆ ಮೊದಲ ದಿನವೇ ಕಲಿಸುತ್ತೇನೆ. ಅರ್ಥ ಇದು: ಸ್ವಲ್ಪ ಬಾಯಿ ಮುಚ್ಕೊಂಡಿರು, ನಾನು ಮಾತಾಡ್ತಿದ್ದೀನಿ.

ಅಪ್ಪ